ಶುಕ್ರವಾರದ ಸಕ್ಕರೆ ಇಲ್ಲದ ಚಹಾ

೨೦೨೬ರ ಜನವರಿ ೯, ಶುಕ್ರವಾರ ಮಧ್ಯಾಹ್ನ ೨.೪೦ಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಠಾಣೆಗೆ ಕಾಸಿಮಸಾಬ ಎಂಬ ಅರವತ್ತು ದಾಟಿದ ಮೆಕ್ಯಾನಿಕ್ ಬಂದು ನಿಂತ. ಜುಮ್ಮಾ ನಮಾಜಿಗೆಂದು ತೊಟ್ಟಿದ್ದ ಬಿಳಿ ಪೈಜಾಮದ ಎರಡೂ ಮೊಣಕಾಲು ರಕ್ತದಲ್ಲಿ ತೊಯ್ದಿದ್ದವು.

"ನನ್ನ ತಮ್ಮನ ಮಗ ಆಫ್ತಾಬನ್ನ ಗ್ಯಾರೇಜಿನ್ಯಾಗ ಬಡದು ಕೊಂದಾರ್ರಿ," ಎಂದ.

"ಯಾರು?" ಇನ್ಸ್‌ಪೆಕ್ಟರ್ ಸುಹಾಸಿನಿ ಕಟಗೇರಿ ಎದ್ದು ನಿಂತು ಕೇಳಿದರು.

"ಗೊತ್ತಿಲ್ರಿ ಮೇಡಂ. ನಾವೆಲ್ಲಾ ಮಸೂತಿಗೆ ಹೋಗಿದ್ವಿ. ಬರೂದ್ರಾಗ ಹಿಂಗಾಗಿತ್ತು."

ಭಾರತೀಯ ನ್ಯಾಯ ಸಂಹಿತೆ ಕಲಂ ೧೦೩ರ ಅಡಿ ಎಫ್ಐಆರ್ ದಾಖಲಾದದ್ದು ೩.೧೦ಕ್ಕೆ. ೩.೩೦ಕ್ಕೆ ಸುಹಾಸಿನಿ ಮತ್ತು ಹೆಡ್ ಕಾನ್‌ಸ್ಟೆಬಲ್ ಬಸಣ್ಣ ಗ್ಯಾರೇಜಿನಲ್ಲಿದ್ದರು.

ಮೂವತ್ತನಾಲ್ಕು ವರ್ಷದ ಆಫ್ತಾಬ ಕೆಲಸದ ಮೇಜಿನ ಬುಡದಲ್ಲಿ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ದವಡೆ ಮುರಿದು ಹಲ್ಲುಗಳು ನೆಲದ ಗ್ರೀಸಿನಲ್ಲಿ ಅಂಟಿಕೊಂಡಿದ್ದವು. ಗೋಡೆಯ ಮೇಲೆ ಆಳೆತ್ತರದವರೆಗೂ ರಕ್ತ ಸಿಡಿದಿತ್ತು. ಪಕ್ಕದಲ್ಲಿ ಅವನದೇ ಟಾರ್ಕ್ ರೆಂಚ್ ಬಿದ್ದಿತ್ತು. ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ 'ಟಕ್' ಎಂದು ಸದ್ದು ಮಾಡುವ, ಎರಡು ಅಡಿ ಉದ್ದದ ಉಕ್ಕಿನ ಪಾನಾ ಅದು. ಅದರ ತಲೆಗೆ ಕೂದಲು ಹತ್ತಿತ್ತು.

ಬಸಣ್ಣ ಇಪ್ಪತ್ತೆರಡು ವರ್ಷಗಳ ಸರ್ವಿಸಿನಲ್ಲಿ ಹೆಣಗಳನ್ನು ಸಾಕಷ್ಟು ನೋಡಿದವನು. ಅವನೂ ಒಮ್ಮೆ ಹೊರಗೆ ಹೋಗಿ ಬಂದ.

"ಬಲಗೈ ನೋಡ್ರಿ ಮೇಡಂ," ಎಂದ.

ಬಲಗೈಯ ಐದೂ ಬೆರಳು ಜಜ್ಜಿಹೋಗಿದ್ದವು. ಕೈಯ ಕೆಳಗಿನ ಸಿಮೆಂಟು ಒಡೆದಿತ್ತು. ಅಂದರೆ ಆಳು ನೆಲಕ್ಕೆ ಬಿದ್ದ ಮೇಲೆ, ಪ್ರಾಯಶಃ ಪ್ರಾಣ ಹೋದ ಮೇಲೆ, ಯಾರೋ ಕೂತು ಆ ಕೈಯೊಂದನ್ನೇ ಹೊಡೆದಿದ್ದರು. ಸುಹಾಸಿನಿ ಆ ಕೈಯ ಫೋಟೋ ತೆಗೆಸಿದರು. ಕಳ್ಳನಾಗಲಿ, ಬಾಡಿಗೆ ಗೂಂಡಾ ಆಗಲಿ ಸತ್ತವನ ಕೈ ಮುರಿಯುತ್ತ ಕೂರುವುದಿಲ್ಲ.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಪಾಟಿನಲ್ಲಿದ್ದ ಹಣಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಮೇಜಿನ ಮೇಲೆ ಎರಡು ಚಹಾದ ಗ್ಲಾಸು, ಒಂದು ಖಾಲಿ, ಇನ್ನೊಂದು ತುಂಬಿದ್ದು. ಬಿಚ್ಚಿಟ್ಟ ಹಳೆಯ ದಿನಪತ್ರಿಕೆಯ ಪೊಟ್ಟಣದಲ್ಲಿ ಕಾರಿನ ನಾಲ್ಕು ಬ್ರೇಕ್ ಪ್ಯಾಡುಗಳು. ಮೂಲೆಯಲ್ಲಿ ನೀಲಿ ತಾಡಪತ್ರಿ ಹೊದ್ದ, ಮೂತಿ ಸಂಪೂರ್ಣ ನಜ್ಜುಗುಜ್ಜಾದ ಚಿಕ್ಕ ಕೆಂಪು ಕಾರು.

"ಇದು ಯಾರದು?"

"ಧಾರವಾಡದ ಸಾನ್ವಿ ಬಾಯಾರದು," ಎಂದ ಕಾಸಿಮಸಾಬ. "ಅವರ ಅಪ್ಪನ ಹಳೀ ಗಾಡಿ. ಹುಡುಗಿಗೆ ಟ್ರ್ಯಾಕಿನ ಮ್ಯಾಲೆ ಓಡಿಸೋ ಹುಚ್ಚು. ಒಂದು ವರ್ಷ ಇಬ್ಬರೂ ಕೂಡಿ ತಯಾರು ಮಾಡಿದ್ರು. ಗಟ್ಟಿ ಸ್ಪ್ರಿಂಗ್ ಹಾಕಿ ಗಾಡಿ ಎರಡು ಬೆರಳ ಇಳಿಸಿದ್ದ. ಹಿಂದಿನ ಸೀಟ ತಗದು ಹಗರ ಮಾಡಿದ್ದ. ತಿರುವಿನ್ಯಾಗ ನೆಲಕ್ಕ ಅಂಟಿದಂಗ ಹೋಗತಿತ್ರಿ."

"ಆಮೇಲೆ?"

"ಅಕ್ಟೋಬರ್ ಐದು. ಮುಗದ ಊರಿನ ಆಚಿ ಖಾಸಗಿ ಟ್ರ್ಯಾಕಿನ್ಯಾಗ ಬ್ರೇಕ್ ಹತ್ತಲಿಲ್ಲ. ಬಾಜೂಕಿನ ಕಲ್ಲಿನ ಕಟ್ಟಿಗೆ ಬಡದು ತೀರಿಹೋದಳು. ಇಪ್ಪತ್ತಾರು ವಯಸ್ಸು."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಸುಳ್ಳಲ್ಲ. ಅಂದಿನಿಂದ ಆಫ್ತಾಬನ ಕೈ ಕೆಟ್ಟದ್ದು ಎಂದು ಅವಳಿ ನಗರದ ತುಂಬ ಸುದ್ದಿ. ಗಿರಾಕಿಗಳು ಬೇರೆ ಗ್ಯಾರೇಜು ಹಿಡಿದರು.

ಕಾಸಿಮಸಾಬ ಬಗ್ಗಿ ಕಾರಿನ ಚಕ್ರದ ಸಂದಿಗೆ ಬ್ಯಾಟರಿ ಬಿಟ್ಟ. ಪ್ರತಿ ನಟ್ಟಿನಿಂದ ಬೋಲ್ಟಿನವರೆಗೆ ಒಂದೊಂದು ಹಳದಿ ಗೆರೆ. ಬಿಗಿ ಮಾಡಿದ ಮೇಲೆ ಆಫ್ತಾಬ ಬಣ್ಣದ ಪೆನ್ನಿನಿಂದ ಎಳೆಯುತ್ತಿದ್ದ ಗುರುತು. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗುತ್ತದೆ.

"ಎಣಿಸಿ ನೋಡ್ರಿ. ಒಂದು ಗೆರಿ ಸರದಿಲ್ಲ. ನಮ್ಮ ಹುಡುಗ ತಪ್ಪು ಮಾಡಿಲ್ರಿ," ಎಂದ.

"ಜುಮ್ಮಾಕ್ಕೆ ಆಫ್ತಾಬ ಯಾಕೆ ಬರಲಿಲ್ಲ?"

"ಮೂರು ತಿಂಗಳಾತ್ರಿ, ಶುಕ್ರವಾರ ನಮ್ಮ ಕೂಡ ಬರಾಂಗಿಲ್ಲ. ತಡಾ ಮಾಡಿ ಒಬ್ಬನ ಬ್ಯಾರೆ ಮಸೂತಿಗೆ ಹೋಗತಿದ್ದ. ನಾ ಭಾಳ ಬೈದೆ." ಅವನು ಮುಖ ಒರೆಸಿಕೊಂಡ. "ಯಾಕಂತ ಕೇಳಲಿಲ್ಲ."

ಸಂಜೆ ೫.೧೫ಕ್ಕೆ ಎದುರಿನ ಚಹಾದಂಗಡಿಯ ಚಾಂದಬಿಯನ್ನು ಬಸಣ್ಣ ವಿಚಾರಿಸಿದ. ಬಸಣ್ಣನ ವಿಚಾರಣೆ ಎಂದರೆ ಮೊದಲು ತಾನೊಂದು ಚಹಾ ಕುಡಿಯುವುದು. ಠಾಣೆಯಲ್ಲಿ ಅದಕ್ಕೆ ನಗುತ್ತಾರೆ, ಆದರೆ ಅವನು ಬರಿಗೈಯಲ್ಲಿ ಬಂದದ್ದು ಕಡಿಮೆ.

"ಶುಕ್ರವಾರ ಗ್ಯಾರೇಜಿಗೆ ಎಷ್ಟು ಚಾ ಕಳಸ್ತಿ ಚಾಂದಬಿ?"

"ಎರಡ್ರಿ. ಒಂದಕ್ಕ ಸಕ್ರಿ ಹಾಕಬಾರದು. ಧಾರವಾಡದ ಸರ್ ಒಬ್ಬರು ಬರ್ತಾರ. ವಯಸ್ಸಾದವರು, ಭಾಳ ಮೆತ್ತಗ ಮಾತಾಡ್ತಾರ."

"ಕುಡೀತಾರೇನು?"

"ಒಂದು ದಿನಾನೂ ಕುಡದಿಲ್ರಿ. ಗ್ಲಾಸು ತುಂಬಿದ್ದು ಹಂಗ ವಾಪಸ್ ಬರತೈತಿ. ಆದ್ರೂ ಆಫ್ತಾಬ ಪ್ರತಿ ವಾರ ತರಸ್ತಿದ್ದ."

"ಇವತ್ತು ಬಂದಿದ್ರಾ?"

"ಒಂದೂ ಕಾಲಿಗೆ ಬಂದ್ರು. ಹೋಗೂದು ನಾ ನೋಡಿಲ್ಲ."

ಪಕ್ಕದ ಅಂಗಡಿಯ ಸಿಸಿಟಿವಿಯಲ್ಲಿ ಅದು ಸಿಕ್ಕಿತು. ೧.೧೭ಕ್ಕೆ ಬೂದು ಸ್ವೆಟರಿನ ವೃದ್ಧರೊಬ್ಬರು ಒಳಗೆ ಹೋದರು. ೧.೪೯ಕ್ಕೆ ಹೊರಬಂದಾಗ ಸ್ವೆಟರು ಮೈಮೇಲಿರಲಿಲ್ಲ. ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದರು. ಕಾಸಿಮಸಾಬ ಪರದೆ ನೋಡಿದ ಕೂಡಲೇ ಗುರುತಿಸಿದ. ಸಾನ್ವಿಯ ತಂದೆ ರಮಾಕಾಂತ ಇನಾಮದಾರ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು.

ಅಷ್ಟಕ್ಕೇ ಬಸಣ್ಣನ ಪಾಲಿಗೆ ಪ್ರಕರಣ ಮುಗಿದಿತ್ತು. "ಮಗಳನ್ನ ಕಳಕೊಂಡ ಸಿಟ್ಟು ಮೇಡಂ. ಇನ್ನೇನೈತಿ ಇದರಾಗ?"

"ಸಿಟ್ಟಿದ್ದರೆ ಅಕ್ಟೋಬರದಲ್ಲೇ ಹೊಡೀಬೇಕಿತ್ತಲ್ಲ. ಮೂರು ತಿಂಗಳು ಬಂದು ಬಂದು ಕೂತದ್ದು ಯಾಕೆ?" ಎಂದರು ಸುಹಾಸಿನಿ. "ಇವತ್ತು ಆ ಪೊಟ್ಟಣ ಬಿಚ್ಚಿದವರು ಯಾರು?"

ಆಫ್ತಾಬನ ಹೆಂಡತಿ ಜೋಯಾ ಆಸ್ಪತ್ರೆಯ ಶವಾಗಾರದ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅತ್ತು ಅತ್ತು ಕಣ್ಣು ಬತ್ತಿದ್ದವು.

"ಆ ಕೆಂಪು ಗಾಡೀ ಬ್ರೇಕ್ ಬಿಚ್ಚಿ, ಪೊಟ್ಟಣ ಕಟ್ಟಿ ಕಪಾಟಿನ್ಯಾಗಿಟ್ಟು ಕೀಲಿ ಹಾಕಿದ್ರು. ತಪ್ಪು ನಂದಲ್ಲ, ಯಾರದಂತ ಹೇಳಾಂಗಿಲ್ಲ ಅಂತಿದ್ರು. ಮೂರು ತಿಂಗಳಿಂದ ಕೆಲಸಿಲ್ಲ. ಹೇಳಿಬಿಡ್ರಿ, ನಿಮ್ಮ ಹೆಸರರ ಉಳೀತೈತಿ ಅಂತ ನಾ ಜಗಳಾಡಿದೆ. ಹೆಸರು ಹೋದ್ರ ಮತ್ತ ಬರತೈತಿ, ಶುಕ್ರವಾರ ಬರೋ ಆ ಕಾಕಾ ತಡಕೊಳ್ಳಾಂಗಿಲ್ಲ ಅಂದ್ರು." ಅವಳು ಸುಹಾಸಿನಿಯ ಕೈ ಹಿಡಿದಳು. "ಅವರ ಕೆಲಸ ಖರಾಬ ಇತ್ತಂತ ನಿಮ್ಮ ಕಾಗದದಾಗ ಬರೀಬ್ಯಾಡ್ರಿ ಅಕ್ಕಾ. ಅದೊಂದು ಬ್ಯಾಡ."

ಜನವರಿ ೧೦, ಶನಿವಾರ ಬೆಳಿಗ್ಗೆ ೯.೩೦. ಠಾಣೆಯಲ್ಲಿ ಕಾಸಿಮಸಾಬ, ಪೊಲೀಸರು ಜಪ್ತಿ ಮಾಡಿದ್ದ ಪ್ಯಾಡನ್ನು ಮೂಗಿಗೆ ಹಿಡಿದು ನೋಡಿದ. ಇನ್ನೊಂದನ್ನೂ ಮೂಸಿದ.

"ಇದು ಬ್ರೇಕ್ ಆಯಿಲ್ ಅಲ್ರಿ. ಸರ್ವಿಸಿಂಗ್ ಮಾಡಿ ಗಾಡಿ ಬುಡಕ್ಕ ಹೊಡೀತಾರಲ್ಲ, ಆ ಎಣ್ಣಿ. ತುಕ್ಕ ಹಿಡಿಬಾರದು, ಸಪ್ಪಳ ಬರಬಾರದು ಅಂತ. ಪ್ಯಾಡ್ ಎಣ್ಣಿ ಕುಡದ್ರ ಮುಗೀತು. ಸಾವಕಾಶ ಹೋಗುವಾಗ ಗೊತ್ತಾಗಾಂಗಿಲ್ಲ, ಜೋರಿನ್ಯಾಗ ಒತ್ತಿದ್ರ ಜಾರತೈತಿ."

ಬಸಣ್ಣ ಧಾರವಾಡದ ವಾಷಿಂಗ್ ಸೆಂಟರುಗಳನ್ನು ಸುತ್ತಿದ. ನಾಲ್ಕನೆಯದರ ಮಾಲೀಕ ತ್ರ್ಯಂಬಕ ರಿಜಿಸ್ಟರ್ ತೆಗೆದ. ಸೆಪ್ಟೆಂಬರ್ ೩೦, ಖಂಡೇಪೂಜೆ, ಅಂದರೆ ಆಯುಧಪೂಜೆಯ ಹಿಂದಿನ ದಿನ. ಅದೇ ಕಾರಿನ ನಂಬರು. ನೀರು, ಪಾಲಿಶ್, ಬುಡಕ್ಕೆ ಎಣ್ಣೆ.

"ಯಾರು ತಂದಿದ್ರು?"

"ಇನಾಮದಾರ ಸರ್. ಟ್ರ್ಯಾಕಿನ ಬ್ರೇಕು, ಓಣಿ ತುಂಬ ಕಿರ್ ಅಂತ ಒದರತೈತಿ, ಮಗಳಿಗೆ ಹೇಳಬ್ಯಾಡ, ಗಾಲಿ ಒಳಗ ಛಲೋತ್ನ್ಯಾಗ ಎಣ್ಣಿ ಹೊಡಿ ಅಂದ್ರು. ಗಿರಾಕಿ ಹೇಳಿದಂಗ ಹೊಡದೆ."

ಊರಿಗೆ ಊರೇ ಹಬ್ಬದ ಹಿಂದಿನ ದಿನ ಗಾಡಿಗಳ ಬುಡಕ್ಕೆ ಎಣ್ಣೆ ಹೊಡೆಸುತ್ತದೆ. ಮರುದಿನ ಕಾರಿಗೆ ಚೆಂಡುಹೂವಿನ ಮಾಲೆ, ಗಾಲಿಗೆ ನಿಂಬೆಹಣ್ಣು. ಅದು ಮತ್ತೆ ಮನೆ ಬಿಟ್ಟದ್ದು ಅಕ್ಟೋಬರ್ ೫ರ ಭಾನುವಾರ, ಮುಗದದ ಕಡೆಗೆ.

ಮಧ್ಯಾಹ್ನ ೧೨.೨೦ಕ್ಕೆ ಧಾರವಾಡದ ಮಾಳಮಡ್ಡಿಯ ಮನೆಯ ಬಾಗಿಲು ತೆರೆದದ್ದು ರಮಾಕಾಂತರೇ. ಬಲ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು.

"ಬರ್ರಿ. ಸ್ವೆಟರ್ ಹಿತ್ತಲದಾಗ ಬಕೆಟ್ಟಿನೊಳಗದ. ತೊಳದೆ, ಕಲೆ ಹೋಗಲಿಲ್ಲ," ಎಂದರು. ಸ್ವೆಟರನ್ನು ಅವರೇ ತೋರಿಸಿದ ಮೇಲೆ ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. ೧.೧೦ಕ್ಕೆ ಬಂಧನ. ಅವರ ಹೆಂಡತಿ ಇಂದುಮತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ಇದ್ದರು.

ಠಾಣೆಯಲ್ಲಿ ರಮಾಕಾಂತರು ನೆಟ್ಟಗೆ ಕೂತು ಹೇಳಿದರು. "ಬರಕೊಳ್ರಿ. ಅವನ ಕೆಟ್ಟ ಕೆಲಸದಿಂದ ನನ್ನ ಮಗಳು ಸತ್ತಳು. ಅದಕ್ಕ ಕೊಂದೆ."

ಸುಹಾಸಿನಿ ಪೆನ್ನು ಕೆಳಗಿಟ್ಟು, ಪಾರದರ್ಶಕ ಚೀಲದಲ್ಲಿದ್ದ ಪ್ಯಾಡನ್ನು ಮೇಜಿನ ಮೇಲೆ ಸರಿಸಿದರು. "ನಾನು ಅದನ್ನ ಬರೆಯೋದಿಲ್ಲ ಸರ್."

ರಮಾಕಾಂತರು ಅದನ್ನು ನೋಡಲಿಲ್ಲ. "ನನ್ನ ಹೆಂಡತಿಗೆ ಗೊತ್ತಿಲ್ಲ," ಎಂದರು.

"ಆಫ್ತಾಬ ತನ್ನ ಹೆಂಡತಿಗೂ ಹೇಳಿಲ್ಲ ಸರ್."

ಆ ಮಾತಿಗೆ ಅವರ ಬೆನ್ನು ಬಗ್ಗಿತು.

"ಪ್ರತಿ ಶುಕ್ರವಾರ ಹೋಗಿ ಬೈತಿದ್ದೆ. ಯಾವ ನಟ್ಟು ಸಡಲ ಬಿಟ್ಟಿ, ಹೇಳು ಅಂತ. ಸುಮ್ಮನ ಕೇಳಸ್ಕೊಂತಿದ್ದ. ಅವನನ್ನ ಬೈದ ದಿವಸ ರಾತ್ರಿ ನಿದ್ದಿ ಬರ್ತಿತ್ತು ನನಗ. ನಿನ್ನೆ, ನಿನ್ನ ಹೆಂಡತಿ ಮಕ್ಕಳೂ ಹಿಂಗ ಸಾಯ್ಲಿ ಅಂದೆ. ಅವಾಗ ಎದ್ದು ಕಪಾಟು ತಗದ. ವಾಸನಿ ನೋಡ್ರಿ ಕಾಕಾ ಅಂದ."

"ನೋಡಿದ್ರಾ?"

"ನೋಡಿದೆ. ಖಂಡೇಪೂಜಿ ದಿವಸ ನನ್ನ ಅಂಗಳದಾಗ ಇದ್ದ ವಾಸನಿ. ಮೂವತ್ತಮೂರು ವರ್ಷ ಘರ್ಷಣೆ ಅಂದ್ರೇನು ಅಂತ ಪಾಠ ಹೇಳೇನಿ."

"ಸಿಟ್ಟು ಬಂತಾ?"

"ಇಲ್ಲ. ಅಲ್ಲೇ ಬಿದ್ದು ಸಾಯಬೇಕು ಅನಸ್ತು. ಅಷ್ಟರಾಗ ಅವ ಬಂದು ನನ್ನ ಭುಜದ ಮ್ಯಾಲೆ ಕೈ ಇಟ್ಟ. ಇದು ನಿಮ್ಮ ತಪ್ಪಲ್ಲ ಕಾಕಾ, ನಿಮಗ ಗೊತ್ತಿರಲಿಲ್ಲ ಅಂದ." ಅವರು ತಮ್ಮ ಎಡ ಭುಜವನ್ನು ಮುಟ್ಟಿಕೊಂಡರು. "ಅದನ್ನ ತಡಕೊಳ್ಳಿಕ್ಕೆ ಆಗಲಿಲ್ಲ. ಮೇಜಿನ ಮ್ಯಾಲಿನ ಪಾನಾ ತಗೊಂಡು ಹೊಡದೆ. ಬಿದ್ದ. ಮತ್ತ ಹೊಡದೆ. ಮಾತು ನಿಂತ ಮ್ಯಾಲೂ ಆ ಕೈ ಭುಜದ ಮ್ಯಾಲೇ ಇದ್ದಂಗ ಇತ್ತು."

ಯಾವ ಕೈ ಎಂದು ಸುಹಾಸಿನಿ ಕೇಳಲಿಲ್ಲ.

ಸಂಜೆ ಆಫ್ತಾಬನ ದಫನ್ ಮುಗಿದ ಮೇಲೆ ಸುಹಾಸಿನಿ ಅವನ ಮನೆಗೆ ಹೋದರು. ತನಿಖಾಧಿಕಾರಿ ಹಾಗೆ ಹೋಗಬೇಕೆಂದು ಯಾವ ನಿಯಮವೂ ಇಲ್ಲ. ತಾವು ಬರೆದ ತನಿಖಾ ಟಿಪ್ಪಣಿಯ ಹಾಳೆಯನ್ನು ಬಿಡಿಸಿ ಜೋಯಾಳಿಗೆ ಎರಡೇ ಸಾಲು ಓದಿ ಹೇಳಿದರು: 'ಮೃತನು ಮಾಡಿದ ಕೆಲಸದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಮೃತನು ಆರೋಪಿಯನ್ನು ಸಮಾಧಾನಪಡಿಸುತ್ತಿರುವಾಗ ಕೃತ್ಯ ನಡೆದಿರುತ್ತದೆ.'

ಜೋಯಾ ಹಾಳೆಯನ್ನು ಕೈಗೆ ತೆಗೆದುಕೊಂಡಳು.

"ನಾನ ಜಗಳಾಡಿದ್ದೆ, ಹೇಳ್ರಿ ಅಂತ," ಎಂದಳು.

ಸುಹಾಸಿನಿ ಅವಳ ಭುಜದತ್ತ ಕೈ ಚಾಚಿದರು. ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡು ಪಕ್ಕದಲ್ಲಿ ಕೂತರು.