ಕೌದಿ ಹೊದ್ದ ಮೆಣಸಿನ ಸಸಿ

“ಬುಟ್ಟಿ ಮುಟ್ಟಬ್ಯಾಡ,” ಎಂದು ಹುಲಿಗವ್ವ ಅಡ್ಡ ಕೂತಳು.

“ಮುಟ್ಟಂಗಿಲ್ಲ, ಬರೇ ನೋಡತೀನಿ,” ಎಂದಳು ಪಕ್ಕದ ಮನೆಯ ಕಳಕಮ್ಮ. ಇಬ್ಬರೂ ನಿಜಾಮರ ಕಾಲದ ಕುಷ್ಟಗಿಯ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತು ಉರ್ದುವಿನ ಅಲಿಫ್, ಬೇ ಬರೆಯುವ ಗೆಳತಿಯರು.

“ನೋಡೂದೂ ಬ್ಯಾಡ. ನೆದರು ಹತ್ತತೈತಿ.”

ಬುಟ್ಟಿಯ ಕೆಳಗೆ, ಒಡೆದ ಕೊಡದ ತಳದಲ್ಲಿ, ಹುಲಿಗವ್ವನ ಮೆಣಸಿನ ಸಸಿಗಳಿದ್ದವು. ಬೀಜ ಮೊಳೆತ ದಿನ ಅಜ್ಜಿ ದುರಗಮ್ಮ, “ಯಾರಿಗೂ ತೋರಸಬ್ಯಾಡವಾ, ಮಂದಿ ಕಣ್ಣು ಕೆಟ್ಟದ್ದು,” ಎಂದಿದ್ದಳು. ಹುಲಿಗವ್ವ ಒಂದು ಹೇಳಿದರೆ ಎರಡು ಮಾಡುವ ಹುಡುಗಿ. ಬುಟ್ಟಿ ಕವುಚಿದ್ದು ಸಾಲದೆ ಅದರ ಮೇಲೆ ಹಳೆಯ ಕೌದಿಯನ್ನೂ ಹೊದಿಸಿದ್ದಳು. ಸಸಿ ಚೆನ್ನಾಗಿ ಬಂದರೆ ಹೊಲದ ಬಾವಿಯ ಪಕ್ಕದ ಒಂದು ಸಾಲು ಅವಳದೇ ಎಂದು ಅಪ್ಪ ಹನುಮಣ್ಣ ಮಾತು ಕೊಟ್ಟಿದ್ದ. ಅಣ್ಣಂದಿರಿಗೂ ಸಿಗದ ಸಾಲು ಅದು.

ಕಳಕಮ್ಮನಿಗೆ ಮಾತ್ರ ಬುದ್ಧಿ ಕಡಿಮೆ. ತನ್ನ ಸಸಿಗಳ ಮಡಕೆಯನ್ನು ಓಣಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದಳು. ನೀರಿಗೆ ಹೋಗುವವರೆಲ್ಲ ನಿಂತು, “ಚಂದ ಅದಾವಲ್ಲಬೇ,” ಎನ್ನುತ್ತಿದ್ದರು. ಅಷ್ಟು ಕಣ್ಣು ಬಿದ್ದ ಮೇಲೆ ಇನ್ನೇನು ಉಳಿದೀತು? ಅದಕ್ಕೇ ಅವು ಕುಳ್ಳಗೇ ಉಳಿದಿದ್ದವು. ಹುಲಿಗವ್ವನವೋ, ಕೌದಿಯೊಳಗೆ ಕೈ ಹಾಕಿ ತಡವಿದರೆ ಗೇಣುದ್ದ. ತಾನೂ ನೋಡದೆ, ಹಾಗೇ ಕೈ ತೂರಿಸಿ ನೀರು ಚಿಮುಕಿಸುವಾಗಲೆಲ್ಲ ಅವಳಿಗೆ ಗೆಳತಿಯ ಮೇಲೆ ಮರುಕ ಉಕ್ಕುತ್ತಿತ್ತು.

ನೆಡುವ ದಿನ ಅಪ್ಪ, ಅಜ್ಜಿ ಅಂಗಳಕ್ಕೆ ಬಂದರು. ಹುಲಿಗವ್ವ ಕಳಕಮ್ಮನನ್ನೂ ಕರೆದಳು; ಗೆದ್ದ ಮೇಲೆ ನೋಡುವವರು ಬೇಕಲ್ಲ. ಕೌದಿ ಸರಿಸಿ ಬುಟ್ಟಿ ಎತ್ತಿದಳು.

ಶ್ಯಾವಿಗೆಯಂಥ ಬಿಳಿಯ ಕಡ್ಡಿಗಳು. ಎಲ್ಲವೂ ಒಂದರ ಮೇಲೊಂದು ಒರಗಿ ಮಲಗಿದ್ದವು.

“ನಿನ್ನ ನೆದರು ಹತ್ತಿತು,” ಎಂದು ಹುಲಿಗವ್ವ ಗೆಳತಿಯ ಮೇಲೆ ಹರಿಹಾಯ್ದಳು.

“ನಾ ಈಗ ನೋಡಾಕತ್ತೀನಿ,” ಎಂದಳು ಕಳಕಮ್ಮ. “ಅವು ಮೊದಲ ಬಿದ್ದಾವ.”

ಅಜ್ಜಿ ಕೌದಿ ಮಡಚುವ ನೆವ ಮಾಡಿ ಒಳಗೆ ಹೋದಳು. ಅಪ್ಪ ಒಂದು ಕಡ್ಡಿಯನ್ನು ಬೆರಳಿಂದ ಎತ್ತಿ ನಿಲ್ಲಿಸಿದ. ಅದು ಮತ್ತೆ ಬಿತ್ತು.

“ಕಳಕಮ್ಮ, ನಿನ್ನ ಹತ್ರ ಹೆಚ್ಚಿನ ಸಸಿ ಅದಾವೇನವಾ?” ಎಂದು ಕೇಳಿದ.

“ಬೇಕಾದಷ್ಟು ಅದಾವ್ರಿ ಕಾಕಾ.”

ಹುಲಿಗವ್ವನಿಗೆ ಅಳುವೇ ಬಂತು. ಆದರೂ ಸಾಲು ಬಿಡಲು ಮನಸ್ಸಾಗಲಿಲ್ಲ. ಇಳಿಹೊತ್ತಿಗೆ ಹೊಲಕ್ಕೆ ಹೋಗಿ ಕಳಕಮ್ಮನ ಸಸಿಗಳನ್ನು ಒಂದೊಂದಾಗಿ ನೆಟ್ಟಳು. ಕುಳ್ಳಗಿದ್ದರೂ ಕಾಂಡ ಗಟ್ಟಿ, ಎಲೆ ಕಡುಹಸಿರು. ದಾರಿಯಲ್ಲಿ ಹೊರಟಿದ್ದ ಮುದುಕ ಗಾಳೆಪ್ಪ ನಿಂತು ನೋಡಿದ.

“ಭಾಳ ಛಲೋ ಅದಾವಲ್ಲ, ಯಾರವು?”

ಸಸಿಗಳಿಗೆ ಅಡ್ಡ ಹಿಡಿಯಲು ಹುಲಿಗವ್ವನ ಕೈ ಮುಂದೆ ಹೋಯಿತು, ಅರ್ಧಕ್ಕೇ ನಿಂತಿತು.

“ಕಳಕಮ್ಮನವು,” ಎಂದಳು. ಕೈ ಹಿಂದಕ್ಕೆಳೆದು, “ಹತ್ರ ಬಂದು ನೋಡ್ರಿ ಅಜ್ಜಾ,” ಎಂದಳು.

ಆಮೇಲೆ ಬಗ್ಗಿ ನೋಡಿದರೆ ತನ್ನದೇ ನೆರಳು ಸಸಿಗಳ ಬಿಸಿಲಿಗೆ ಅಡ್ಡ ಬಿದ್ದಿತ್ತು. ಅವಳು ಎದ್ದು ಸಾಲಿನ ಆಚೆ ಬದಿಗೆ ಹೋಗಿ ಕೂತಳು.