ಮಾರ್ಸೇಲ್ಸಿಗೆ ಹೊರಟವನ ಬೋಳು ಮಗ್ಗ

"ಈ ಹಾಸು ಸೇರಿಸಿದೋರು ಯಾರು?"

ಹೊಸದಾಗಿ ಕೆಲಸಕ್ಕೆ ಬಂದ ನೇಕಾರ ವೆಂಕಟಸ್ವಾಮಿ ಮನೆಯೊಳಗೆ ಆಡಿದ ಮೊದಲ ಮಾತೇ ಇದು. ಭಾಗ್ಯಳಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇನ್ನೇನು? ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸಿನ ತುದಿಗೆ ಹೊಸ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದರಲ್ಲಿ ಕೊಳ್ಳೇಗಾಲದ ನೇಕಾರರ ಬೀದಿಯಲ್ಲೇ ಅವಳನ್ನು ಮೀರಿಸುವವರಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೇ ಬಂದಳು.

"ನಾನೇ. ಏನೀಗ?"

"ಒಂದೆಳೇನೂ ಕಿತ್ತಿಲ್ಲ. ಅದ್ಕೇ ಕೇಳ್ದೆ," ಎಂದು ವೆಂಕಟಸ್ವಾಮಿ ತಲೆ ತಗ್ಗಿಸಿದ.

ಸಿಕ್ಕಿಸಿದ್ದ ಸೆರಗನ್ನು ಭಾಗ್ಯ ಮೆಲ್ಲಗೆ ಇಳಿಬಿಟ್ಟಳು. ಇವನೊಬ್ಬ... ಹೊಗಳೋಕೂ ಹೀಗೆ ಬೆದರಿಸಬೇಕಾ!

ಅವತ್ತೇ ಅವಳ ಮನಸ್ಸು ಜಾರಿತು. ಅವನದೂ ಅಷ್ಟೇ. ಆದರೆ ಯಜಮಾನರ ಮಗಳು ಎಂದು ಅವನು ಬಾಯಿ ಬಿಡಲಿಲ್ಲ, ಹೆಣ್ಣಾಗಿ ನಾನೇ ಹೇಗೆ ಹೇಳಲಿ ಎಂದು ಅವಳೂ ಬಿಡಲಿಲ್ಲ. ಇಬ್ಬರೂ ಸೇರಿ ಒಂದು ವರ್ಷ ಹಾಳು ಮಾಡಿದರು ನೋಡಿ.

ಐವತ್ತೊಂಬತ್ತನೇ ಇಸವಿಯಲ್ಲಿ ಆ ಸುದ್ದಿ ಬಂತು. ಫ್ರಾನ್ಸ್ ದೇಶದ ತೆಂಕಣ ತುದಿಯ ಮಾರ್ಸೇಲ್ಸ್ ಪಟ್ಟಣದಲ್ಲಿ ಬಟ್ಟೆಗಳ ಮೇಳ. ಅಲ್ಲಿ ನಾಲ್ಕು ದಿನ ಜನರೆದುರು ಕೂತು ನೇಯಲು ವೆಂಕಟಸ್ವಾಮಿಯನ್ನು ಆರಿಸಿದ್ದರು.

ಇಡೀ ಬೀದಿ ಜಗಲಿಯ ಮೇಲೆ ಕೂತು ಅವನ ಪ್ರಯಾಣಕ್ಕೆ ದಾರಿ ಹುಡುಕಿತು. ಮೈಸೂರಿಗೆ ಬಸ್ಸು, ಅಲ್ಲಿಂದ ಬೊಂಬಾಯಿಗೆ ರೈಲು, ಆಮೇಲೆ ಹಡಗು. ಸರಿ, ಹಡಗು ಇಳಿದ ಮೇಲೆ? ಕಾರು ಓಡಿಸುವ ಮಾತು ಹಾಗಿರಲಿ, ನಮ್ಮ ಹುಡುಗನಿಗೆ ಸೈಕಲ್ಲೇ ಬಾರದು!

ಮೊದಲನೇ ಮಹಾಯುದ್ಧದಲ್ಲಿ ಅದೇ ಬಂದರಿನಲ್ಲಿ ಇಳಿದಿದ್ದ ಮುದುಕ ಶಿವನಂಜಯ್ಯ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಊರು ಬರೆದು ತೋರಿಸಿದ. ಸಮುದ್ರವನ್ನು ಬಲಗಡೆ ಇಟ್ಟುಕೊಂಡು ನಡೆದರೆ ಹಳೇ ಬಂದರು ಸಿಗುತ್ತದಂತೆ, ಕಾಲು ಸೋತರೆ ಟ್ರಾಮು ಹತ್ತಬೇಕಂತೆ. ಟ್ರಾಮು ತೆಗೆದು ಬಸ್ಸು ಬಿಟ್ಟಿದ್ದಾರಂತಲ್ಲ ಎಂದು ಯಾರೋ ಅಂದಿದ್ದಕ್ಕೆ ಮುದುಕನಿಗೆ ಸಿಟ್ಟು ಬಂತು.

ಎಲ್ಲರೂ ನಕ್ಕರು. ಒಳಗೆ ನೂಲು ಸುತ್ತುತ್ತಿದ್ದ ಭಾಗ್ಯ ಮಾತ್ರ ನಗಲಿಲ್ಲ. ಅಷ್ಟು ದೂರ ಹೋದವರು ತಿರುಗಿ ಬರ್ತಾರಾ?

ಅವಳ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ಯಳಂದೂರಿನಿಂದ ಅವಳಿಗೆ ಸಂಬಂಧ ಬಂದಿತ್ತು. ಒಪ್ಪಿಗೆ ಹೇಳಮ್ಮ ಎಂದು ಅಪ್ಪ ಸುಬ್ಬಯ್ಯ ಕಾಯುತ್ತಿದ್ದರು. ನಾಳೆ, ನಾಡಿದ್ದು ಎಂದು ಅವಳು ತಳ್ಳುತ್ತಲೇ ಬಂದಿದ್ದಳು. ಹೊರಡುವ ಮುಂಚೆಯಾದರೂ ಅವನು ಒಂದು ಮಾತು ಆಡಬಹುದು...

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಮಗ್ಗದ ಕೋಣೆಗೆ ಹೋದಳು. ಹೋದವಳು ಹಾಗೇ ನಿಂತುಬಿಟ್ಟಳು.

ವೆಂಕಟಸ್ವಾಮಿಯ ಮಗ್ಗ ಬೋಳಾಗಿತ್ತು.

ಅವರಲ್ಲಿ ಒಂದು ಪದ್ಧತಿ. ನೇಕಾರ ಎಲ್ಲಿಗೆ ಹೋದರೂ ಗೇಣುದ್ದ ಹಾಸನ್ನು ಮಗ್ಗದಲ್ಲೇ ಉಳಿಸಿ ಹೋಗುತ್ತಾನೆ. ಬಂದ ಮೇಲೆ ಹೊಸ ಹಾಸು ಸೇರುವುದು ಅದಕ್ಕೇ. ಒಂದೆಳೆಯೂ ಉಳಿಸದೆ ಕತ್ತರಿಸಿದನೆಂದರೆ ಆ ಮನೆಯ ಋಣ ತೀರಿತೆಂದೇ ಅರ್ಥ. ಇಲ್ಲಿ ಹಾಸೂ ಇಲ್ಲ, ಎಳೆ ಹಾಯುವ ಬಾಚಣಿಗೆಯಂಥ ಅಚ್ಚೂ ಇಲ್ಲ.

ಬರೋದಿಲ್ಲ ಅಂತ ಬಾಯಲ್ಲಿ ಹೇಳೋಕೂ ನಾನು ಲಾಯಕ್ಕಿಲ್ವಾ? ಭಾಗ್ಯ ಕಣ್ಣೊರೆಸಿಕೊಂಡು ನೆಟ್ಟಗೆ ಅಪ್ಪನ ಹತ್ತಿರ ಹೋಗಿ ಯಳಂದೂರಿನವರಿಗೆ ಒಪ್ಪಿಗೆ ಹೇಳಿಬಿಡಿ ಎಂದಳು.

ಮಾರನೇ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ವೆಂಕಟಸ್ವಾಮಿಗೆ ಹಾರ ಹಾಕಿ ಬಸ್ಸು ಹತ್ತಿಸಿದ ಸುಬ್ಬಯ್ಯ ಆಚೆ ನಿಂತಿದ್ದ ಯಳಂದೂರಿನ ಬಸ್ಸಿನತ್ತ ನಡೆದರು. ಒಪ್ಪಿಗೆಯ ಮಾತು ಮುಟ್ಟಿಸಲೇ ಅವರು ಹೊರಟಿದ್ದು. ಬುತ್ತಿ ಕೊಡುವ ಕೆಲಸ ಭಾಗ್ಯಳ ಪಾಲಿಗೆ ಬಂದಿತ್ತು. ಮೈಸೂರು ಬಸ್ಸಿನ ಕಿಟಕಿಯಲ್ಲಿ ಬುತ್ತಿ ಚಾಚಿದಳು. ಸುಮ್ಮನೆ ತಿರುಗಿ ಬರಬೇಕೆಂದಿದ್ದಳು. ಆದರೆ ಹೊಟ್ಟೆಯೊಳಗಿನ ಬೆಂಕಿ ಸುಮ್ಮನಿರಬೇಕಲ್ಲ!

"ಮಗ್ಗ ಬೋಳು ಮಾಡ್ಬುಟ್ರಿ. ಇನ್ ಈ ಕಡೆ ಬರಾಕಿಲ್ಲ ಅಂತ ತಾನೇ?"

ಅವನು ಕಕ್ಕಾಬಿಕ್ಕಿಯಾದ. ಪಕ್ಕದಲ್ಲಿ ಪಂಚೆ ಸುತ್ತಿ ಇಟ್ಟಿದ್ದ ಉದ್ದನೆಯ ಗಂಟನ್ನು ಬಿಚ್ಚಿ ತೋರಿಸಿದ. ಒಳಗೆ ಅಚ್ಚು. ಅದರ ತುಂಬ ಹಾಗೇ ಹಾಯ್ದುಕೊಂಡಿದ್ದ ಗೇಣುದ್ದ ಹಾಸು. ಅವಳೇ ಹೊಸೆದಿದ್ದ ಎಳೆಗಳು.

"ನಂಗಲ್ಲಿ ಇರೋದು ನಾಕೇ ದಿನ ಭಾಗ್ಯ. ಒಸ್ದಾಗಿ ಎಳೆ ಪೋಣಿಸ್ತಾ ಕುಂತ್ರೆ ನೇಯೋದ್ಯಾವಾಗ? ಅದ್ಕೇ ಇದ್ನ ಎತ್ಕಂಡ್ ಒಂಟಿವ್ನಿ. ಬಂದ್ಮೇಲೆ ಯಜಮಾನ್ರತ್ರ ನಿನ್ನ ಕೇಳ್ಬೇಕು ಅಂತಿದ್ದೆ."

ಭಾಗ್ಯ ಗಕ್ಕನೆ ಹಿಂದೆ ತಿರುಗಿ ನೋಡಿದಳು. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಅತ್ತ ಯಳಂದೂರಿನ ಬಸ್ಸು ಹೊಗೆ ಬಿಡುತ್ತಿತ್ತು. ಇತ್ತ ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟಿದ್ದ.

"ಬಂದ್ಮೇಲೆ ಬ್ಯಾಡ, ಈಗ್ಲೇ ಕೇಳಿ. ನಾನು ಒಪ್ಕಂಡೆ ಅಂತ ಏಳೋಕೆ ಅಪ್ಪ ಯಳಂದೂರಿಗೆ ಒಂಟವ್ರೆ."

ವೆಂಕಟಸ್ವಾಮಿ ಕೊರಳಿನ ಹಾರದ ಸಮೇತ ಕೆಳಕ್ಕೆ ಧುಮುಕಿದ. ಈ ಬಸ್ಸು ತಪ್ಪಿದರೆ ರೈಲು ತಪ್ಪುತ್ತದೆ, ರೈಲು ತಪ್ಪಿದರೆ ಹಡಗೂ ಇಲ್ಲ. ಅದೊಂದೂ ಅವನಿಗೆ ನೆನಪಾಗಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಸುಬ್ಬಯ್ಯನವರ ತೋಳು ಹಿಡಿದುಕೊಂಡ.

"ಯಜಮಾನ್ರೇ, ಭಾಗ್ಯನ ನಂಗೆ ಕೊಡಿ."

ಬಸ್ ಸ್ಟ್ಯಾಂಡಿನ ಜನವೆಲ್ಲ ಅತ್ತ ತಿರುಗಿತು. ಸುಬ್ಬಯ್ಯ ಮಗಳ ಕಡೆ ನೋಡಿದರು. ಅಷ್ಟು ಜನರ ಎದುರು, ನಾಚಿಕೆಯನ್ನೆಲ್ಲ ನುಂಗಿಕೊಂಡು, ಅವಳು ಹೌದೆಂದು ತಲೆಯಾಡಿಸಿದಳು.

ಸುಬ್ಬಯ್ಯ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟರು.

"ಒಪ್ಕಂಡೋಳು ಯಾಕಂಗೆ ಅಳ್ತಿದ್ಲು ಅಂತ ನಂಗೂ ಅನ್ನುಸ್ತು ಕಣಪ್ಪ," ಎಂದು ಅವನ ಬೆನ್ನು ತಟ್ಟಿದರು. "ಓಗು, ನಿನ್ ಬಸ್ ಒಂಡ್ತದೆ."

ಕಂಡಕ್ಟರು ಬೈಯುತ್ತಲೇ ಬಸ್ಸು ನಿಲ್ಲಿಸಿಕೊಂಡಿದ್ದ. ವೆಂಕಟಸ್ವಾಮಿ ಓಡಿಹೋಗಿ ಹತ್ತಿ ಕೂತ. ಭಾಗ್ಯ ಕಿಟಕಿಯ ಪಕ್ಕ ಬಂದು ನಿಂತಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ನಾಳೆಯಿಂದ ಬೀದಿಯೋರೆಲ್ಲ ನನ್ನೇ ಕೇಳ್ತಾರೆ, ಎಲ್ಲಿಗಂಟ ಓಗವ್ರೆ ಅಂತ. ಏನೇಳ್ಲಿ?"

ಬಸ್ಸು ಹೊರಟಿತು. ವೆಂಕಟಸ್ವಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ವಾಪಸ್ ಬರ್ತಾವ್ರೆ ಅನ್ನು."