ಬಂಟ್ಯಾನ ಪುಡಿ, ಡಾಕ್ಟರರ ಸುಳ್ಳು

"ಇದಕ್ಕ ಈ ಗುಳಿಗಿ ಕೊಟ್ಟವ್ರು ಯಾರು?"

ಕೇಳಿದ ಡಾಕ್ಟರ್ ಸಿದ್ದಲಿಂಗ ಎದುರಿಗಿದ್ದವಳ ಮುಖವನ್ನೂ ನೋಡಲಿಲ್ಲ. ಮುದ್ದೇಬಿಹಾಳದ ಅವನ ಸಣ್ಣ ಕ್ಲಿನಿಕ್ಕಿನ ಮೇಜಿನ ಮೇಲೆ ಬಂಟ್ಯಾ ಮಲಗಿತ್ತು. ಪಕ್ಕೆಲುಬು ಕಾಣುವಷ್ಟು ಸೊರಗಿದ ಕಂದು ನಾಯಿ.

"ನಾನ ಕೊಟ್ಟೀನಿ," ಎಂದಳು ವಸುಧಾ. "ಭೇದಿ ನಿಲ್ಲಲಿಲ್ಲ. ಮೆಡಿಕಲ್ ಅಂಗಡ್ಯಾಗ ಕೇಳಿ ತಂದೆ. ತಪ್ಪೇನು?"

"ಮನಷ್ಯಾರ ಗುಳಿಗಿ ರೀ ಇವು! ಹೊಟ್ಟ್ಯಾಗಿನ ಕೆಟ್ಟ ಕ್ರಿಮಿ ಜೋಡಿ ಒಳ್ಳೇವನ್ನೂ ಕೊಂದು ಹಾಕ್ತಾವ. ಕೊಳ್ಳಾಗ ಸಾಲಿ ಟೀಚರ್ ಕಾರ್ಡ್ ಹಾಕ್ಕೊಂಡೀರಿ, ಇಷ್ಟು ತಿಳಿಯಂಗಿಲ್ಲೇನ್ರಿ?"

ವಸುಧಾ ಬಂಟ್ಯಾನ ತಲೆ ಹಿಡಿದುಕೊಂಡಳು.

"ಇದು ನನ್ನ ತಮ್ಮನ ನಾಯಿ. ಅವ ಈಗಿಲ್ಲ. ಇದೂ ಹೋದ್ರ ನಮ್ಮಮ್ಮ ಉಳಿಯೂದಿಲ್ಲ... ಮೊದಲು ಇದನ್ನ ನೋಡ್ರಿ, ಆಮ್ಯಾಲೆ ಎಷ್ಟು ಬೇಕಾದ್ರೂ ಬೈರಿ!"

ಆಗ ಅವನು ಅವಳ ಮುಖ ನೋಡಿದ. ಆಮೇಲೆ ಒಂದು ಮಾತೂ ಬೈಯಲಿಲ್ಲ.

ಸಲೈನ್ ಹಚ್ಚಿದ. ಗುಳಿಗೆ ನಿಲ್ಲಿಸಿದ. ಹೊರಡುವಾಗ ಒಂದಷ್ಟು ಪುಡಿಯ ಪಾಕೀಟು ಕೈಗಿಟ್ಟ.

"ಇದು ಪ್ರೋಬಯೋಟಿಕ್. ಸತ್ತ ಒಳ್ಳೆ ಕ್ರಿಮಿಗಳ ಜಾಗಕ್ಕ ಹೊಸಾವು."

"ಮೊಸರು ಇದ್ದಂಗ?"

"ಮೊಸರಿನ ಸಂಬಂಧಿಕರು ಅನ್ರಿ. ಆದ್ರ ಮೊಸರು ಸದ್ಯಕ್ಕ ಬ್ಯಾಡ, ಈ ಹೊಟ್ಟಿಗೆ ತಡಿಯಂಗಿಲ್ಲ. ಅನ್ನ ಪೂರಾ ಆರಿದ ಮ್ಯಾಲೆ ಕಲಸ್ರಿ. ಜೀವ ಇರೋ ಪುಡಿ ಇದು, ಬಿಸಿಗೆ ಸಾಯ್ತೈತಿ."

"ಇದರಿಂದ ಪೂರಾ ಆರಾಮಾಗ್ತದೇನ್ರಿ?"

"ಆಸರ ಆಗ್ತೈತಿ," ಎಂದ. ಅಷ್ಟೇ.

ತಮ್ಮ ಪಾರ್ಥ ಹಿಂದಿನ ವರ್ಷ ತಾಳಿಕೋಟೆ ರಸ್ತೆಯಲ್ಲಿ ಬೈಕ್ ಅಪಘಾತದಲ್ಲಿ ಹೋಗಿದ್ದ. ಅಂದಿನಿಂದ ಬಂಟ್ಯಾ ಗೇಟು ಬಿಟ್ಟು ಕದಲುತ್ತಿರಲಿಲ್ಲ. ಮಡಿ ಎಂದು ನಾಯಿಯನ್ನು ಹೊಸ್ತಿಲು ದಾಟಗೊಡದ ತಾಯಿ ಜಾನಕಿಬಾಯಿ ಈಗ ತಾವೇ ಅನ್ನ ಆರಿಸಿ, ಪುಡಿ ಕಲಸಿ, ನಡುಮನೆಯಲ್ಲಿ ಕೂತು ಅದಕ್ಕೆ ತುತ್ತು ಉಣಿಸತೊಡಗಿದರು.

ಭೇದಿ ಕಡಿಮೆಯಾಯಿತು. ಒಂದು ಬೆಳಗ್ಗೆ ಬಂಟ್ಯಾ ಎದ್ದು, ತೂರಾಡುತ್ತ ಬಂದು, ವಸುಧಾಳ ಸೀರೆಯ ನೆರಿಗೆಗೆ ಮೂತಿ ಒರೆಸಿತು. ಅವಳು ನಕ್ಕುಬಿಟ್ಟಳು! ಎಷ್ಟೋ ತಿಂಗಳ ಮೇಲೆ...

ಆದರೂ ನಾಯಿ ಮೈ ತುಂಬಿಕೊಳ್ಳಲಿಲ್ಲ. ವಿಜಯಪುರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. "ಕರುಳಿಗೆ ಬಾವು ಬಂದೈತಿ, ಪುಡಿ ಬಿಡಬ್ಯಾಡ್ರಿ," ಎಂದ ಸಿದ್ದಲಿಂಗ. ಆಗಿನಿಂದ ಹಳ್ಳಿಗಳ ದನ ನೋಡಿ ಮರಳುವಾಗ ದಿನಾ ಸಂಜೆ ಮನೆಗೆ ಬರತೊಡಗಿದ. ಅವನ ಬೈಕಿನ ಸದ್ದಿಗೆ ಬಂಟ್ಯಾನ ಕಿವಿ ನಿಮಿರುತ್ತಿದ್ದವು. ವಸುಧಾಳ ಕಿವಿಯೂ...

'ಬೇಡ,' ಎಂದುಕೊಳ್ಳುತ್ತಿದ್ದಳು. 'ಅವರು ಕನ್ನೊಳ್ಳಿಯ ಲಿಂಗಾಯತರು, ನಾವು ಆಚಾರ್ಯರ ಮನೆತನ. ಎರಡೂ ಕಡೆ ಒಪ್ಪುವ ಮಾತೇ ಅಲ್ಲ.' ಆದರೂ ಸಂಜೆಯಾದರೆ ಚಹಾಕ್ಕೆ ಇಡುವಾಗ ಒಂದು ಕಪ್ಪು ಹೆಚ್ಚಿಗೆ ಇಡುತ್ತಿದ್ದಳು.

ಒಂದು ದಿನ ಬಸ್ ನಿಲ್ದಾಣದ ಹತ್ತಿರ ಕ್ಲಿನಿಕ್ಕಿನ ಕಾಂಪೌಂಡರ್ ತಬ್ರೇಜ ಸಿಕ್ಕ.

"ಟೀಚರ್ರ, ಕ್ಯಾನ್ಸರ್ ಇದ್ರೂ ನಿಮ್ಮ ನಾಯಿ ಭಾಳ ಗಟ್ಟಿ ಬಿಡ್ರಿ!"

ಅವಳು ಅಲ್ಲಿಂದಲೇ ತಿರುಗಿದಳು. ನೇರ ಕ್ಲಿನಿಕ್ಕಿಗೆ ನಡೆದಳು.

"ಸ್ಕ್ಯಾನಿನಾಗ ಗಡ್ಡಿ ಇತ್ತೇನು?"

ಸಿದ್ದಲಿಂಗ ಕೈ ಒರೆಸಿಕೊಂಡ. "ಹೌದ್ರಿ."

"ನಿಮಗ ಗೊತ್ತಿತ್ತು! ಗೊತ್ತಿದ್ದೂ ಪುಡಿ, ಬಾವು ಅಂತ ಆಟ ಆಡಿಸಿದ್ರಿ. ಯಾಕ? ದಿನಾ ಮನಿಗೆ ಬಂದು ಚಹಾ ಕುಡೀಲಿಕ್ಕೆ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಇನ್ನ ಮ್ಯಾಲೆ ನಮ್ಮ ಮನಿ ಕಡೆ ಬರಬ್ಯಾಡ್ರಿ."

ಮನೆಗೆ ಬಂದು ಉಳಿದ ಪಾಕೀಟುಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದಳು. ಕೆಲವೇ ದಿನಗಳಲ್ಲಿ ಭೇದಿ ಮತ್ತೆ ಶುರುವಾಯಿತು. ಈ ಸಲ ರಕ್ತದೊಂದಿಗೆ. ಬಂಟ್ಯಾ ನೀರನ್ನೂ ಮುಟ್ಟಲಿಲ್ಲ.

ಪುಡಿ ಮುಗಿದಿದೆ ಎಂದೇ ತಿಳಿದಿದ್ದ ಜಾನಕಿಬಾಯಿಗೆ ವಸುಧಾ ಆಗ ಎಲ್ಲ ಹೇಳಿದಳು.

"ಡಾಕ್ಟರಿಗೆ ಬೈದು ಬಂದ್ಯಾ? ಅಯ್ಯೋ ವಸು... ಅವರು ನನಗ ಸ್ಕ್ಯಾನ್ ಆದ ದಿನಾನ ಖರೇ ಹೇಳಿದ್ರು. ನಿನಗ ಹೇಳಬ್ಯಾಡ್ರಿ ಅಂತ ಕೈ ಮುಗದಾಕಿ ನಾನು!"

"ನೀನಾ? ಯಾಕಮ್ಮಾ?"

"ಪಾರ್ಥ ಹೋದಾಗಿಂದ ನೀ ನಕ್ಕಿದ್ದಿಲ್ಲ. ಅದು ಎದ್ದು ನಿಂತಾಗ ನಕ್ಕಿ. ಇನ್ನೊಂದಿಷ್ಟು ದಿನ ನಗಲಿ ನನ್ನ ಮಗಳು ಅನಿಸ್ತು..."

ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ಸರ್ ಊರಿಗೆ ಹೋಗಿದ್ದಾರೆ ಎಂದ ತಬ್ರೇಜ. ಫೋನು ಹತ್ತಲಿಲ್ಲ. ವಸುಧಾ ತಾಳಿಕೋಟೆ, ಸಿಂದಗಿ ಎಂದು ಬಸ್ಸು ಬದಲಿಸಿ, ಆಟೋ ಹಿಡಿದು ಕನ್ನೊಳ್ಳಿ ಮುಟ್ಟಿದಳು.

ಬಾಗಿಲಲ್ಲಿ ಅವನ ತಾಯಿ ಲಕ್ಕವ್ವ ನಿಂತಿದ್ದಳು, ಅವಳ ಹಿಂದೆ ಸಿದ್ದಲಿಂಗ.

"ಬಾರವ್ವ, ಕುಂದ್ರು. ಯಾರ ಪೈಕಿ ನೀನು?"

ವಸುಧಾ ತನ್ನ ಮನೆತನದ ಹೆಸರು ಹೇಳಿದಳು. ಲಕ್ಕವ್ವ ಮಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ನೀರಿನ ತಂಬಿಗೆ ಅಲ್ಲೇ ಇಟ್ಟು ಒಳಗೆ ಹೋದಳು.

"ಅಮ್ಮನ ಹೆಸರು ಯಾಕ ಹೇಳಲಿಲ್ರಿ?" ಎಂದಳು ವಸುಧಾ. "ಅಷ್ಟು ಅಂದೆ ನಾನು..."

"ನಿಮಗ ಸಿಟ್ಟು ಹಾಕಾಕ ಯಾರರ ಒಬ್ರು ಬೇಕಿತ್ರಿ. ಹೆತ್ತವ್ವನ ಮ್ಯಾಲೆ ಹಾಕೋದಕ್ಕಿಂತ ನನ್ನ ಮ್ಯಾಲೆ ಹಾಕಿದ್ದು ಚಲೋ ಆತು."

ಅವಳು ಅಳುತ್ತಲೇ ಬಂಟ್ಯಾನ ಸ್ಥಿತಿ ಹೇಳಿ ಅವನ ಬೈಕಿನ ಹಿಂದೆ ಕೂತಳು.

ಬಂಟ್ಯಾನನ್ನು ಮುಟ್ಟಿ ನೋಡಿದವನೇ ಅವನು ಜಾನಕಿಬಾಯಿಯ ಕಡೆ ತಿರುಗಿದ. "ಬಾಯಾರ, ಇನ್ನ ನೋವು ಇಲ್ಲದಂಗ ಮಾಡೋದಷ್ಟ ನನ್ನ ಕೈಯಾಗ ಐತ್ರಿ."

"ನಾ ಪುಡಿ ಎಸೆದಿದ್ದಕ್ಕ ಹಿಂಗಾತೇನ್ರಿ?" ಕೇಳಿದಳು ವಸುಧಾ.

"ಇಲ್ರಿ. ಪುಡಿ ಕರುಳಿಗೆ ಆಸರ ಕೊಡ್ತೈತಿ. ಗಡ್ಡಿ ಕರಗಸಂಗಿಲ್ಲ. ರೋಗನ ಬಲಿತೈತಿ."

"ಇದೂ ಸುಳ್ಳೇನು?"

"ಅಲ್ರಿ. ಇನ್ನ ನಿಮಗ ಯಾವತ್ತೂ ಸುಳ್ಳು ಹೇಳಂಗಿಲ್ಲ."

ಇಂಜೆಕ್ಷನ್ ಕೊಟ್ಟ ಮೇಲೆ ನಾಯಿಯ ನರಳಾಟ ನಿಂತಿತು. ಮರುದಿನ ಮಧ್ಯಾಹ್ನ, ಜಾನಕಿಬಾಯಿಯ ತೊಡೆಯ ಮೇಲೆ ತಲೆಯಿಟ್ಟು, ಬಂಟ್ಯಾ ಉಸಿರು ಬಿಟ್ಟಿತು. "ಪಾರ್ಥನ ಕಡೆ ಹೋಗು, ಹೋಗಪಾ," ಎಂದು ಅದರ ಹಣೆ ಸವರುತ್ತಲೇ ಇದ್ದರು ಅವರು.

ಹಿತ್ತಲಲ್ಲಿ ಸಿದ್ದಲಿಂಗನೇ ಕುಣಿ ತೋಡಿದ. ಮಣ್ಣು ಮುಚ್ಚಿದ ಮೇಲೆ ವಸುಧಾ ಅದರ ಮೇಲೆ ನೀರು ಚಿಮುಕಿಸಿದಳು.

"ನಿಮ್ಮವ್ವ ಒಪ್ಪೂದಿಲ್ಲ," ಎಂದಳು ವಸುಧಾ, ಯಾರೂ ಏನೂ ಕೇಳದಿದ್ದರೂ.

"ಒಪ್ಪಂಗಿಲ್ಲ."

"ನಮ್ಮ ಕಾಕಾ ಅಂತೂ ಮನಿ ಮೆಟ್ಟಲಾ ಹತ್ತೂದಿಲ್ಲ."

"ಗೊತ್ತೈತಿ. ಎಲ್ಲಾ ಸರಿ ಹೋಗ್ತೈತಿ ಅಂತ ನಾ ಹೇಳಂಗಿಲ್ರಿ. ಹೋಗಂಗಿಲ್ಲ ಅಂತನ ಕಾಣಸ್ತೈತಿ." ಮಣ್ಣು ಮೆತ್ತಿದ ಕೈಗಳನ್ನೇ ನೋಡುತ್ತ ನಿಂತ. "ಆದ್ರ ನಿಮ್ಮ ಮ್ಯಾಲೆ ಜೀವ ಇಟ್ಟೇನಿ, ವಸುಧಾ. ಇಷ್ಟ ಖರೇ."

ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿದಷ್ಟೂ ತುಂಬಿ ಬಂತು.

"ನಾಳೆ ಸಂಜೀಕ ಬರ್ತೀರೇನು?"

"ನೋಡಾಕ ಬಂಟ್ಯಾ ಇಲ್ಲಲ್ರಿ... ಏನಂತ ಹೇಳಿ ಬರ್ಲಿ?"

"ನನ್ನ ನೋಡ್ಲಿಕ್ಕೆ ಅಂತ ಹೇಳ್ರಿ. ಯಾರು ಕೇಳಿದ್ರೂ ಹಂಗ ಹೇಳ್ರಿ."

ಅವನು ತಲೆಯಾಡಿಸಿದ.

"ಬರ್ತೇನಿ."